ನಂಬಿಕೆಯೋ ಕ್ರಿಯೆಯೋ: ಹಳೇ ಜಗಳದ ಒಳಗಿನ ನಿಜವಾದ ಗಂಟು

ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕದ ಶಿಲುಬೆಗೆ ಒಬ್ಬ ಅಪರಾಧಿಯನ್ನು ಏರಿಸಿದ್ದಾರೆ. ಅವನಿಗೆ ಉಳಿದಿರುವುದು ಕೆಲವೇ ಗಂಟೆ. ಮಾಡಿದ ತಪ್ಪು ಸರಿಪಡಿಸಲು ಟೈಮಿಲ್ಲ, ದೀಕ್ಷಾಸ್ನಾನ ಮಾಡಿಸಿಕೊಳ್ಳಲು ದಾರಿಯಿಲ್ಲ, ಯಾರಿಗಾದರೂ ಒಂದು ತುತ್ತು ಅನ್ನ ಹಾಕುವಷ್ಟೂ ಅವಕಾಶವಿಲ್ಲ. ನಿನ್ನ ರಾಜ್ಯಕ್ಕೆ ಬಂದಾಗ ನನ್ನನ್ನು ನೆನಪು ಮಾಡಿಕೋ ಅಂತ ಕೇಳುತ್ತಾನೆ, ಅಷ್ಟೇ. ಇವತ್ತೇ ನೀನು ನನ್ನ ಜೊತೆ ಪರದೈಸಿನಲ್ಲಿರುತ್ತೀ ಎಂದು ಯೇಸು ಉತ್ತರ ಕೊಡುತ್ತಾರೆ.

ಈಗ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ತೆಗೆಯಿರಿ. ಕೊನೆಯ ತೀರ್ಪಿನ ದಿನ. ನೀನು ಏನನ್ನು ನಂಬಿದ್ದೆ ಅಂತ ಅಲ್ಲಿ ಯಾರೂ ಕೇಳುವುದೇ ಇಲ್ಲ. ಹಸಿದವನಿಗೆ ಊಟ ಕೊಟ್ಟೆಯಾ, ಬಟ್ಟೆ ಇಲ್ಲದವನಿಗೆ ಬಟ್ಟೆ ಕೊಟ್ಟೆಯಾ, ಸೆರೆಯಲ್ಲಿದ್ದವನನ್ನು ನೋಡಲು ಹೋದೆಯಾ ಅನ್ನುವುದರ ಮೇಲೆ ಜನರನ್ನು ಎಡಕ್ಕೂ ಬಲಕ್ಕೂ ಬೇರ್ಪಡಿಸುತ್ತಾರೆ. ಹಾಗಾದರೆ ರಕ್ಷಣೆ ಸಿಗುವುದು ನಂಬಿದ್ದಕ್ಕೋ, ಮಾಡಿದ್ದಕ್ಕೋ?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ತುಂಬಾ ಸುಲಭದ್ದು. ಪ್ರೊಟೆಸ್ಟೆಂಟರು ನಂಬಿಕೆ ಸಾಕು ಅನ್ನುತ್ತಾರೆ, ಕ್ಯಾಥೋಲಿಕರು ಒಳ್ಳೆ ಕೆಲಸವೂ ಬೇಕು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಪೂರ್ತಿ ಸುಳ್ಳಲ್ಲ. ಆದರೆ ಇದನ್ನೇ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಜರ್ಮನ್ ಸನ್ಯಾಸಿ ಲೂಥರನಿಗೆ ಉತ್ತರ ಕೊಡಲೆಂದೇ ಕ್ಯಾಥೋಲಿಕ್ ಸಭೆ, ಅಂದರೆ ಚರ್ಚ್, ಟ್ರೆಂಟ್ ಎಂಬ ಊರಿನಲ್ಲಿ ಮಹಾಸಭೆ ಸೇರಿಸಿತ್ತು. 1547ರ ಜನವರಿ 13ರಂದು ಅದು ಹೊರಡಿಸಿದ ನಿರ್ಣಯದಲ್ಲಿ 33 ಖಂಡನೆಗಳಿವೆ. ಮೊದಲನೆಯದೇ ಇದು: ಕ್ರಿಸ್ತನ ಮೂಲಕ ಬರುವ ಕೃಪೆ ಇಲ್ಲದೆ, ಬರೀ ತನ್ನ ಕ್ರಿಯೆಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗಬಲ್ಲ ಎಂದು ಹೇಳುವವನಿಗೆ ಸಭೆಯಲ್ಲಿ ಜಾಗವಿಲ್ಲ. ಅತ್ತ ಲೂಥರ್ ಏನು ಬರೆದಿದ್ದ? ನಂಬಿಕೆ ಎಂಬುದು ಸುಮ್ನೆ ಕೂರುವ ವಸ್ತುವಲ್ಲ, ಒಳ್ಳೆಯ ಕೆಲಸ ಮಾಡಬೇಕಾ ಅಂತ ಕೇಳುವಷ್ಟರಲ್ಲಿ ಅದು ಮಾಡಿ ಮುಗಿಸಿರುತ್ತದೆ ಎಂದು, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ತಾನು ಬರೆದ ಮುನ್ನುಡಿಯಲ್ಲಿ ಹೇಳಿದ್ದ. ಅಂದರೆ ಕೃಪೆ ಮೊದಲು ಅನ್ನುವುದರಲ್ಲಿ ಜಗಳವಿಲ್ಲ, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನುವುದರಲ್ಲೂ ಇಲ್ಲ.

ಗಂಟು ಇರುವುದು ಬೇರೆ ಕಡೆ. ದೇವರು ಕರೆದಾಗ ಮನುಷ್ಯ ‘ಹೂಂ’ ಅನ್ನುತ್ತಾನಲ್ಲ, ಆ ‘ಹೂಂ’ ಯಾರದ್ದು?

ಇಬ್ಬರು ಅಣ್ಣತಮ್ಮಂದಿರು ಚರ್ಚಿನಲ್ಲಿ ಒಂದೇ ಪ್ರಸಂಗ, ಅಂದರೆ ಬೋಧನೆ, ಕೇಳುತ್ತಾರೆ ಅಂದುಕೊಳ್ಳಿ. ಅಣ್ಣ ನಂಬುತ್ತಾನೆ, ತಮ್ಮ ಎದ್ದು ಹೋಗುತ್ತಾನೆ. ಈ ವ್ಯತ್ಯಾಸ ಬಂದದ್ದು ಎಲ್ಲಿಂದ? ಅಣ್ಣನ ಸ್ವಂತ ಆಯ್ಕೆಯಿಂದ ಅಂದರೆ, ತಮ್ಮನಿಗಿಂತ ಅವನಲ್ಲಿ ಏನೋ ಒಂದು ಜಾಸ್ತಿ ಇತ್ತು ಅಂದ ಹಾಗಾಯಿತು. ರಕ್ಷಣೆಯಲ್ಲಿ ಒಂದು ಪಾಲು, ಎಷ್ಟೇ ಚಿಕ್ಕದಿರಲಿ, ಅವನ ಹೆಸರಿಗೆ ಜಮೆ ಆಯಿತು. ಇಲ್ಲ, ದೇವರೇ ಅಣ್ಣನೊಳಗೆ ಆ ‘ಹೂಂ’ ಹುಟ್ಟಿಸಿದ ಅಂದರೆ, ತಮ್ಮನಲ್ಲಿ ಯಾಕೆ ಹುಟ್ಟಿಸಲಿಲ್ಲ? ಹುಟ್ಟಿಸದೇ ಇದ್ದ ಮೇಲೆ ಅವನನ್ನು ಶಿಕ್ಷಿಸುವುದು ಯಾವ ನ್ಯಾಯ? ಮೊದಲ ಉತ್ತರ ದೇವರ ಮಹಿಮೆಗೆ ಕತ್ತರಿ ಹಾಕುತ್ತದೆ, ಎರಡನೆಯದು ದೇವರ ನ್ಯಾಯಕ್ಕೆ. ಇದರ ಸುತ್ತ ಕ್ರೈಸ್ತರು ಸಾವಿರದ ಆರುನೂರು ವರ್ಷ ಸುತ್ತಿದ್ದಾರೆ.

ಪಂಕ್ತಿಭೇದದಿಂದ ಶುರುವಾದದ್ದು

ನಂಬಿಕೆ ಮತ್ತು ಕ್ರಿಯೆಯ ಮಾತು ಮೊದಲು ಜೋರಾಗಿ ಎದ್ದದ್ದು ಊಟದ ಪಂಕ್ತಿಯಲ್ಲಿ. ಅಂತಿಯೋಕ್ಯ ಎಂಬ ಪಟ್ಟಣದಲ್ಲಿ ಯೆಹೂದ್ಯ ವಿಶ್ವಾಸಿಗಳೂ ಅನ್ಯಜನರಿಂದ (ಯೆಹೂದ್ಯರಲ್ಲದವರಿಂದ) ಬಂದ ವಿಶ್ವಾಸಿಗಳೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಉಣ್ಣುತ್ತಿದ್ದ. ಯೆರೂಸಲೇಮಿನಿಂದ, ಅಲ್ಲಿಯ ಸಭೆಯ ಮುಖಂಡ ಯಾಕೋಬನ ಕಡೆಯಿಂದ, ಕೆಲವರು ಬಂದದ್ದೇ ಪೇತ್ರ ಮೆಲ್ಲಗೆ ಪಕ್ಕಕ್ಕೆ ಸರಿದ. ಪೌಲ ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಇದನ್ನು ಅವನೇ ಬರೆದಿದ್ದಾನೆ, ಸ್ವಲ್ಪವೂ ಮುಚ್ಚಿಟ್ಟಿಲ್ಲ. ಪಂಕ್ತಿಭೇದ ಎಂದರೇನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ.

ಪೌಲನ ವಾದ ಹುಟ್ಟಿದ್ದು ಇಲ್ಲಿ. ಅನ್ಯಜನರು ಸುನ್ನತಿ ಮಾಡಿಸಿಕೊಂಡು, ಊಟತಿಂಡಿಯ ನಿಯಮ ಪಾಲಿಸಿ, ಮೊದಲು ಯೆಹೂದ್ಯರಾಗಿ ಆಮೇಲೆ ಒಳಗೆ ಬರಬೇಕಾ? ಬೇಡ, ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ನೀತಿವಂತರಾಗುವುದಿಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ಆಗುತ್ತಾರೆ ಅನ್ನುತ್ತಾನೆ ಪೌಲ. ಅವನು ‘ಕ್ರಿಯೆ’ ಅಂದಾಗ ಮುಖ್ಯವಾಗಿ ಮನಸ್ಸಿನಲ್ಲಿದ್ದದ್ದು ಇಂಥ ಗುರುತುಗಳೋ, ಅಥವಾ ಎಲ್ಲ ಬಗೆಯ ಒಳ್ಳೆ ಕೆಲಸವೂ ಸೇರಿತ್ತೋ ಎಂಬುದು ಇವತ್ತಿಗೂ ಪಂಡಿತರ ನಡುವೆ ಬಿಸಿಬಿಸಿ ಚರ್ಚೆ. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸ, ಪೌಲನ ಕಾಲದ ಯೆಹೂದ್ಯರು ಪುಣ್ಯ ಕೂಡಿಹಾಕಿ ಸ್ವರ್ಗ ಕೊಳ್ಳಲು ಹೊರಟವರೇ ಅಲ್ಲ, ಅವರೂ ಕೃಪೆಯಿಂದಲೇ ಶುರು ಮಾಡುತ್ತಿದ್ದರು ಎಂದು ವಾದಿಸಿದ ಮೇಲೆ ಇದು ಇನ್ನೂ ಕಾವೇರಿತು. ಲೂಥರ್ ತನ್ನ ಕಾಲದ ರೋಮ್ ಸಭೆಯ ಮುಖವನ್ನು ಹಳೇ ಯೆಹೂದ್ಯರಿಗೆ ಅಂಟಿಸಿ ಓದಿದ ಎಂಬ ಆಪಾದನೆಯಲ್ಲಿ ಹುರುಳಿದೆ ಅಂತ ನನಗನ್ನಿಸುತ್ತದೆ.

ಯಾಕೋಬನ ಪತ್ರಿಕೆಯ ದನಿಯೇ ಬೇರೆ. ಮೈಮೇಲೆ ಬಟ್ಟೆ ಇಲ್ಲದ, ಅವತ್ತಿನ ಊಟಕ್ಕೆ ಗತಿ ಇಲ್ಲದ ಒಬ್ಬ ಸಹೋದರನಿಗೆ ‘ಸಮಾಧಾನವಾಗಿ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ’ ಅಂತ ಹೇಳಿ ಏನೂ ಕೊಡದೆ ಕಳಿಸಿದರೆ ಏನು ಬಂತು ಅಂತ ಕೇಳುತ್ತದೆ. ದೇವರು ಒಬ್ಬನೇ ಎಂದು ನಂಬುತ್ತೀಯಾ? ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಮನುಷ್ಯ ನೀತಿವಂತನಾಗುವುದು ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಕೂಡ ಎಂದು ನೇರವಾಗಿಯೇ ಹೇಳುತ್ತದೆ. ಲೂಥರ್ 1522ರಲ್ಲಿ ಇದನ್ನು ‘ಹುಲ್ಲಿನ ಪತ್ರಿಕೆ’ ಎಂದು ಕರೆದದ್ದು ಸುಮ್ನೆ ಅಲ್ಲ.

ಕುತೂಹಲದ ಸಂಗತಿ ಏನೆಂದರೆ ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಅಬ್ರಹಾಮನನ್ನು. ಪೌಲ ಹಿಡಿಯುವುದು ಆದಿಕಾಂಡದ 15ನೇ ಅಧ್ಯಾಯ: ಮಕ್ಕಳಿಲ್ಲದ ಮುದುಕ, ನಕ್ಷತ್ರದಷ್ಟು ಸಂತಾನ ಕೊಡುತ್ತೇನೆ ಎಂಬ ಮಾತನ್ನು ನಂಬಿದ, ದೇವರು ಅದನ್ನು ನೀತಿ ಎಂದು ಎಣಿಸಿದ. ಯಾಕೋಬ ಹಿಡಿಯುವುದು 22ನೇ ಅಧ್ಯಾಯ: ಅದೇ ಅಬ್ರಹಾಮ ಮಗ ಇಸಾಕನನ್ನು ಬಲಿಪೀಠದ ಮೇಲೆ ಮಲಗಿಸಿದ. ಪೌಲ ನೋಡುತ್ತಿರುವುದು ನಂಬಿಕೆ ಶುರುವಾದ ದಿನವನ್ನು, ಯಾಕೋಬ ನೋಡುತ್ತಿರುವುದು ಎಷ್ಟೋ ವರ್ಷ ಕಳೆದ ಮೇಲೆ ಅದು ಪರೀಕ್ಷೆಗೆ ನಿಂತ ದಿನವನ್ನು. ಹೀಗೆ ಓದಿದರೆ ಇಬ್ಬರನ್ನೂ ಕೂಡಿಸಬಹುದು, ಸಭೆಗಳು ಬಹುಪಾಲು ಕೂಡಿಸಿಕೊಂಡೇ ಬಂದಿವೆ. ಕೂಡದೇ ಉಳಿದದ್ದು ಪೌಲನದ್ದೇ ಇನ್ನೊಂದು ಮಾತು. ನಿಮ್ಮ ರಕ್ಷಣೆಯನ್ನು ನೀವೇ ಭಯದಿಂದ, ನಡುಕದಿಂದ ಸಾಧಿಸಿಕೊಳ್ಳಿ, ಯಾಕೆಂದರೆ ನಿಮ್ಮೊಳಗೆ ಇಚ್ಛೆಯನ್ನೂ ಕೆಲಸವನ್ನೂ ಹುಟ್ಟಿಸುವವನು ದೇವರೇ ಎಂದು ಫಿಲಿಪ್ಪಿಯವರಿಗೆ ಬರೆಯುತ್ತಾನೆ. ನೀವೇ ಮಾಡಿ, ಮಾಡುವವನು ಅವನು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾನೆ.

ತೋಟದಲ್ಲಿ ಕೂತ ಅಗಸ್ಟೀನ್

ಐದನೇ ಶತಮಾನದ ಹೊತ್ತಿಗೆ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತನಾಗುವುದು ಮರ್ಯಾದೆಯ ವಿಷಯವಾಗಿತ್ತು. ಜನ ಹೆಸರಿಗೆ ಸೇರಿಕೊಂಡು ಹಳೇ ಚಾಳಿಯಲ್ಲೇ ಇದ್ದರು. ಇದನ್ನು ಕಂಡು ಬೇಸತ್ತವನು ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲಾಗಿಯಸ್ ಎಂಬ ಸನ್ಯಾಸಿ. ಬಿಗಿಯಾದ ಜೀವನ, ಒಳ್ಳೆಯ ಹೆಸರು. ಒಂದು ಸಲ ಒಬ್ಬ ಬಿಷಪ್ ಅವನ ಮುಂದೆ ಉತ್ತರ ಆಫ್ರಿಕಾದ ಹಿಪ್ಪೋದ ಬಿಷಪ್ ಅಗಸ್ಟೀನನ ಒಂದು ಪ್ರಾರ್ಥನೆ ಹೇಳಿದನಂತೆ: ‘ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ನಿನಗೆ ಬೇಕಾದ್ದನ್ನು ಆಜ್ಞಾಪಿಸು.’ ಪೆಲಾಗಿಯಸ್‌ಗೆ ತಡೆಯಲಾಗಲಿಲ್ಲ, ಜಗಳಕ್ಕೇ ನಿಂತ. ಇದನ್ನು ಬರೆದಿಟ್ಟವನು ಅಗಸ್ಟೀನನೇ.

ಪೆಲಾಗಿಯಸ್‌ನ ಸಿಟ್ಟು ನಮಗೆ ಅರ್ಥವಾಗುವಂಥದ್ದೇ. ಆಜ್ಞೆ ಪಾಲಿಸುವ ಶಕ್ತಿಯನ್ನೂ ದೇವರೇ ಕೊಡಬೇಕು ಅಂದರೆ, ಪಾಲಿಸದವನು ‘ನನಗೆ ಇನ್ನೂ ಕೊಟ್ಟಿಲ್ಲ’ ಅಂತ ಕಾಲು ಚಾಚಿ ಮಲಗಬಹುದು. ಕೈಲಾಗದ್ದನ್ನು ಮಾಡು ಅಂತ ಹೇಳಿ, ಮಾಡಲಿಲ್ಲ ಅಂತ ಹೊಡೆಯುವ ಯಜಮಾನನನ್ನು ಯಾರೂ ಒಳ್ಳೆಯವನು ಅನ್ನುವುದಿಲ್ಲ. ದೇವರು ಆಜ್ಞೆ ಕೊಟ್ಟಿದ್ದಾನೆ ಅಂದರೆ ಅದು ಮನುಷ್ಯನಿಗೆ ಸಾಧ್ಯ ಅಂತಲೇ ಅರ್ಥ. ಸನ್ಯಾಸ ತೆಗೆದುಕೊಳ್ಳಲು ಹೊರಟ ಡೆಮೆಟ್ರಿಯಾಸ್ ಎಂಬ ಸಿರಿವಂತರ ಮನೆಯ ಹುಡುಗಿಗೆ ಅವನು ಬರೆದ ಪತ್ರ ಉಳಿದಿದೆ. ಬೋಧನೆಯ ಮೊದಲ ಹೆಜ್ಜೆಯಾಗಿ ಮನುಷ್ಯ ಸ್ವಭಾವಕ್ಕೆ ಎಷ್ಟು ಶಕ್ತಿ ಇದೆ ಎಂದು ತೋರಿಸುತ್ತೇನೆ, ಇಲ್ಲದಿದ್ದರೆ ಯಾರಿಗೂ ಪ್ರಯತ್ನಿಸುವ ಮನಸ್ಸೇ ಬರುವುದಿಲ್ಲ ಎಂಬುದು ಅದರ ಧಾಟಿ. ಇವತ್ತಿನ ಯಾವುದೇ ಪ್ರೇರಣಾ ಭಾಷಣಕಾರ ಇದಕ್ಕೆ ತಲೆದೂಗುತ್ತಾನೆ.

ಅಗಸ್ಟೀನ್‌ಗೆ ತನ್ನ ಅನುಭವ ಬೇರೆಯೇ ಹೇಳುತ್ತಿತ್ತು. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅವನು ಕೂದಲು ಕಿತ್ತುಕೊಂಡು, ಹಣೆ ಚಚ್ಚಿಕೊಂಡು ಒದ್ದಾಡಿದ. ಹೊಸ ಜೀವನ ಬೇಕು. ಬೇಕು ಅಂತ ಅವನಿಗೇ ಗೊತ್ತು. ಆದರೆ ಹಳೆಯದನ್ನು ಬಿಡಲು ಮನಸ್ಸು ಬರುತ್ತಿಲ್ಲ. ಹರೆಯದಲ್ಲಿ ‘ನನಗೆ ಶುದ್ಧ ಜೀವನ ಕೊಡು, ಆದರೆ ಈಗಲೇ ಬೇಡ’ ಅಂತ ಪ್ರಾರ್ಥಿಸಿದವನು ಅವನು. ತೋಟದಲ್ಲಿ ಅವನಿಗೆ ಹೊಳೆದ ಒಂದು ವಿಚಿತ್ರವನ್ನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಮನಸ್ಸು ಕೈಗೆ ‘ಏಳು’ ಅಂದರೆ ಕೈ ಏಳುತ್ತದೆ. ಆಜ್ಞೆ ಎಲ್ಲಿ ಮುಗಿಯಿತು, ಕೆಲಸ ಎಲ್ಲಿ ಶುರುವಾಯಿತು ಅಂತಲೂ ಗೊತ್ತಾಗುವುದಿಲ್ಲ. ಅದೇ ಮನಸ್ಸು ಮನಸ್ಸಿಗೇ ‘ಇದನ್ನು ಬಯಸು’ ಅಂದರೆ ಮಾತು ಕೇಳುವುದಿಲ್ಲ. ಆಜ್ಞೆ ಕೊಡುತ್ತಿರುವುದೂ ಅದೇ, ಧಿಕ್ಕರಿಸುತ್ತಿರುವುದೂ ಅದೇ.

ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಇಲ್ಲಿದೆ. ‘ಇಚ್ಛೆಗೆ ಸ್ವಾತಂತ್ರ್ಯ ಇದೆಯಾ’ ಎಂಬ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ನನ್ನನ್ನು ಹೊರಗಿನಿಂದ ಯಾರಾದರೂ ಬಲವಂತ ಮಾಡುತ್ತಿದ್ದಾರಾ ಎಂಬುದು ಒಂದು. ನನಗೆ ಬೇಕಾದದ್ದನ್ನು ನಾನು ಮಾಡಬಲ್ಲೆ, ಸರಿ, ಆದರೆ ನನಗೆ ಏನು ಬೇಕು ಅನ್ನುವುದನ್ನೇ ಬದಲಿಸಬಲ್ಲೆನಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಗಸ್ಟೀನ್ ‘ಯಾರೂ ಬಲವಂತ ಮಾಡುತ್ತಿಲ್ಲ’ ಅನ್ನುತ್ತಾನೆ. ಪಾಪಿ ಪಾಪ ಮಾಡುವುದು ಖುಷಿಯಿಂದಲೇ, ಆದ್ದರಿಂದ ಹೊಣೆ ಅವನದ್ದೇ. ಎರಡನೆಯದಕ್ಕೆ ‘ಸಾಧ್ಯವಿಲ್ಲ’ ಅನ್ನುತ್ತಾನೆ. ಆದಾಮ ಬಿದ್ದ ಮೇಲೆ ಮನುಷ್ಯನ ಬಯಕೆಯ ದಿಕ್ಕೇ ಓರೆಯಾಗಿದೆ, ಅದನ್ನು ತಿರುಗಿಸುವುದು ಕೃಪೆ ಮಾತ್ರ. ಮೊದಮೊದಲು ಅವನೂ ಕನಿಷ್ಠ ನಂಬುವುದಾದರೂ ನಮ್ಮ ಕೈಯಲ್ಲಿದೆ ಅಂದುಕೊಂಡಿದ್ದ. 396ರ ಸುಮಾರಿಗೆ, ‘ನಿನಗೆ ಸಿಕ್ಕಿದ್ದಲ್ಲದೆ ನಿನ್ನದು ಅಂತ ಏನಿದೆ?’ ಎಂದು ಪೌಲ ಕೊರಿಂಥದವರಿಗೆ ಕೇಳಿದ ಪ್ರಶ್ನೆ ಅವನನ್ನು ಬದಲಿಸಿತು. ಇಚ್ಛಾ ಸ್ವಾತಂತ್ರ್ಯದ ಪರ ನಾನು ಹೋರಾಡಿದೆ, ಆದರೆ ದೇವರ ಕೃಪೆ ಗೆದ್ದಿತು ಎಂದು ಮುಪ್ಪಿನಲ್ಲಿ ಹಿಂತಿರುಗಿ ನೋಡಿ ಬರೆದ.

ಇದನ್ನು ಒಪ್ಪಿದರೆ ಮುಂದಿನದನ್ನೂ ಒಪ್ಪಬೇಕಾಗುತ್ತದೆ. ಯಾರಿಗೆ ಕೃಪೆ ಅಂತ ದೇವರು ಮೊದಲೇ ಆರಿಸಿದ್ದಾನೆ. ಉಳಿದವರು ತಮ್ಮ ಪಾಪದಲ್ಲೇ ಉಳಿಯುತ್ತಾರೆ. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸಿಗೂ ಶಿಕ್ಷೆ ತಪ್ಪಿದ್ದಲ್ಲ, ಅತಿ ಹಗುರವಾದದ್ದು ಅಷ್ಟೇ ಎಂದು ಅಗಸ್ಟೀನ್ ಬರೆದ. ಮನಸ್ಸಿನ ಒಳಸುಳಿ ಅಷ್ಟು ಚೆನ್ನಾಗಿ ಬಲ್ಲವನು ಇಲ್ಲಿಗೆ ಬಂದು ಮುಟ್ಟಿದ್ದು ನೋಡಿದರೆ ಕಸಿವಿಸಿಯಾಗುತ್ತದೆ.

418ರ ಕಾರ್ಥೇಜ್ ಸಭೆ, 431ರ ಎಫೆಸ ಮಹಾಸಭೆ ಎರಡೂ ಪೆಲಾಗಿಯಸ್ ಪಂಥವನ್ನು ಖಂಡಿಸಿದವು. ಆದರೆ ಅಗಸ್ಟೀನ್‌ನ ಮಾತೆಲ್ಲವೂ ಪಾಸಾಗಲಿಲ್ಲ. ದಕ್ಷಿಣ ಗಾಲ್‌ನ (ಇವತ್ತಿನ ಫ್ರಾನ್ಸಿನ) ಸನ್ಯಾಸಿಗಳು ಗೊಣಗುತ್ತಲೇ ಇದ್ದರು. 529ರಲ್ಲಿ ಒರಾಂಜ್‌ನಲ್ಲಿ ಸೇರಿದ ಬಿಷಪ್ಪರು, ನಂಬಿಕೆಯ ಮೊದಲ ಮಿಡಿತವೂ ಕೃಪೆಯೇ ಎಂದು ಒಪ್ಪಿದರು. ಜೊತೆಗೆ, ದೇವರು ಯಾರನ್ನಾದರೂ ಕೆಟ್ಟದ್ದಕ್ಕೆಂದೇ ನೇಮಿಸಿದ್ದಾನೆ ಅನ್ನುವವರಿಗೆ ಧಿಕ್ಕಾರ ಎಂದೂ ಬರೆದರು. ಗ್ರೀಕ್ ಮಾತಾಡುವ ಪೂರ್ವದ ಸಭೆಗಳಂತೂ ಅಗಸ್ಟೀನನನ್ನು ಹೆಚ್ಚು ಓದಲೇ ಇಲ್ಲ. ಆರ್ಥೊಡಾಕ್ಸರು ಈಗಲೂ ದೇವರೂ ಮನುಷ್ಯನೂ ಕೂಡಿ ಮಾಡುವ ಕೆಲಸ ಎಂದೇ ರಕ್ಷಣೆಯನ್ನು ವಿವರಿಸುತ್ತಾರೆ. ಅವರ ಅಚ್ಚುಮೆಚ್ಚಿನ ಉದಾಹರಣೆ ಮರಿಯಳು: ದೇವದೂತ ಸುದ್ದಿ ತಂದ, ಅವಳು ‘ಹಾಗೇ ಆಗಲಿ’ ಅಂದಳು.

ಎರಾಸ್ಮಸ್ ಹಿಡಿದದ್ದು ಕುತ್ತಿಗೆಯನ್ನೇ

1517ರಲ್ಲಿ ಲೂಥರ್ ಎದ್ದು ನಿಂತದ್ದು ಪಾಪವಿಮೋಚನಾ ಪತ್ರಗಳ ಮಾರಾಟದ ವಿರುದ್ಧ. ರೋಮಿನ ಸಂತ ಪೇತ್ರ ದೇವಾಲಯ ಕಟ್ಟಲು ಹಣ ಬೇಕಿತ್ತು, ಅದಕ್ಕೆ ಸಭೆ ಈ ದಾರಿ ಹಿಡಿದಿತ್ತು. ಈ ಕಥೆ ಎಲ್ಲ ಶಾಲಾ ಪುಸ್ತಕದಲ್ಲೂ ಇದೆ, ಇಲ್ಲಿ ಬೇಡ. ಲೂಥರನೇ ಇದು ಅಸಲು ವಿಷಯ ಅಲ್ಲ ಎಂದಿದ್ದಾನೆ. ಆ ಕಾಲದ ಯುರೋಪಿನ ಅತಿ ದೊಡ್ಡ ವಿದ್ವಾಂಸ ಎರಾಸ್ಮಸ್ 1524ರಲ್ಲಿ ಇಚ್ಛಾ ಸ್ವಾತಂತ್ರ್ಯದ ಪರವಾಗಿ ಒಂದು ಪುಸ್ತಕ ಬರೆದ. ಮರುವರ್ಷ ಅದಕ್ಕೆ ಮಾರುದ್ದದ ಉತ್ತರ ಬರೆದ ಲೂಥರ್, ಕೊನೆಯಲ್ಲಿ ಎದುರಾಳಿಯನ್ನು ಹೊಗಳಿದ: ಮಿಕ್ಕವರೆಲ್ಲ ಪೋಪ್, ಶುದ್ಧೀಕರಣ ಸ್ಥಳ, ವಿಮೋಚನಾ ಪತ್ರ ಅಂತ ಚಿಲ್ಲರೆ ವಿಷಯಕ್ಕೆ ನನ್ನ ತಲೆ ತಿಂದರು, ನೀನೊಬ್ಬನೇ ನೇರವಾಗಿ ಕುತ್ತಿಗೆಗೆ ಕೈ ಹಾಕಿದೆ.

ಎರಾಸ್ಮಸ್‌ನದು ಮೆತ್ತನೆಯ ವಾದ. ಇನ್ನೂ ಸರಿಯಾಗಿ ನಡೆಯಲು ಬಾರದ ಮಗು ಬಿದ್ದಿದೆ. ಅಪ್ಪ ಎತ್ತಿ ನಿಲ್ಲಿಸಿ, ದೂರದಲ್ಲಿರುವ ಸೇಬನ್ನು ತೋರಿಸುತ್ತಾನೆ. ಮಗು ಹೋಗಲು ಆಸೆಪಡುತ್ತದೆ, ಅಪ್ಪ ಕೈ ಹಿಡಿದು ನಡೆಸುತ್ತಾನೆ, ಕೊನೆಗೆ ಸೇಬನ್ನು ಕೈಗೂ ಇಡುತ್ತಾನೆ. ಎಲ್ಲ ಅಪ್ಪನದ್ದೇ. ಆದರೂ ಮಗು ಏನೂ ಮಾಡಲಿಲ್ಲ ಅನ್ನಲಾಗುತ್ತದಾ? ಲೂಥರ್‌ನ ಉತ್ತರ ಒರಟು. ಮನುಷ್ಯನ ಇಚ್ಛೆ ಸವಾರಿಯ ಪ್ರಾಣಿಯ ಹಾಗೆ. ದೇವರು ಹತ್ತಿದರೆ ದೇವರು ಹೇಳಿದ ಕಡೆ ಹೋಗುತ್ತದೆ, ಸೈತಾನ ಹತ್ತಿದರೆ ಸೈತಾನ ಹೇಳಿದ ಕಡೆ. ಸವಾರನನ್ನು ಆರಿಸುವುದು ಪ್ರಾಣಿಯ ಕೈಲಿಲ್ಲ.

ಮೇಲುಕೋಟೆಯ ಕಡೆಯ ಓದುಗರಿಗೆ ಇಲ್ಲಿ ಶ್ರೀವೈಷ್ಣವರ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ನೆನಪಾಗಬಹುದು. ಕೋತಿಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮೊದಲನೆಯದನ್ನು ಹಿಡಿದ ವಡಗಲೈ, ಎರಡನೆಯದನ್ನು ಹಿಡಿದ ತೆಂಗಲೈ ಎಂಬ ಎರಡು ಪಂಗಡಗಳ ನಡುವಿನ ವಾದ ಎರಾಸ್ಮಸ್, ಲೂಥರ್ ವಾದಕ್ಕೆ ನಿಜಕ್ಕೂ ಹತ್ತಿರದ್ದು. ಆದರೆ ಹೋಲಿಕೆ ಒಂದು ಹಂತಕ್ಕೆ ನಿಲ್ಲುತ್ತದೆ. ಬೆಕ್ಕಿನ ಮರಿ ಸುಮ್ನೆ ಬಿದ್ದುಕೊಂಡಿರುತ್ತದೆ. ಲೂಥರ್ ಹೇಳುವ ಮನುಷ್ಯ ಸುಮ್ನಿಲ್ಲ, ಇನ್ನೊಬ್ಬ ಸವಾರನನ್ನು ಹೊತ್ತು ಎದುರು ದಿಕ್ಕಿಗೆ ಓಡುತ್ತಿದ್ದಾನೆ.

ಇಬ್ಬರೂ ಹತ್ತಿರದಿಂದ ಗುದ್ದಾಡಿದ್ದು ಫರೋಹನ ಮೇಲೆ. ವಿಮೋಚನಕಾಂಡದಲ್ಲಿ ಮೋಶೆ ಬಂದು ಇಸ್ರಾಯೇಲ್ಯರನ್ನು ಬಿಟ್ಟುಬಿಡು ಅಂದಾಗಲೆಲ್ಲ ಐಗುಪ್ತದ ರಾಜ ಫರೋಹ ಹಟ ಹಿಡಿಯುತ್ತಾನೆ. ಕಪ್ಪೆಗಳ ಕಾಟ ತೀರಿದ ಮೇಲೆ ಅವನು ತನ್ನ ಹೃದಯವನ್ನು ಕಠಿಣ ಮಾಡಿಕೊಂಡ ಎಂದಿದೆ. ಬೊಕ್ಕೆಗಳು ಎದ್ದಾಗ ಕರ್ತನು ಅವನ ಹೃದಯವನ್ನು ಕಠಿಣ ಮಾಡಿದ ಎಂದಿದೆ. ಇದೆಲ್ಲ ಶುರುವಾಗುವ ಮೊದಲೇ, ನಾನು ಅವನ ಹೃದಯವನ್ನು ಕಠಿಣ ಮಾಡುತ್ತೇನೆ ಎಂದು ದೇವರು ಮೋಶೆಗೆ ಹೇಳಿಯೂ ಇದ್ದಾನೆ. ಹಾಗಾದರೆ ತಪ್ಪು ಯಾರದ್ದು? ಎರಾಸ್ಮಸ್ ಮೂರನೇ ಶತಮಾನದ ಕ್ರೈಸ್ತ ಗುರು ಒರಿಗೆನ್‌ನ ಉತ್ತರವನ್ನು ತರುತ್ತಾನೆ: ಸೂರ್ಯ ಒಬ್ಬನೇ, ಅವನ ಬಿಸಿಲಿಗೆ ಮೇಣ ಕರಗುತ್ತದೆ, ಕೆಸರು ಗಟ್ಟಿಯಾಗುತ್ತದೆ. ದೇವರು ತೋರಿಸಿದ್ದು ತಾಳ್ಮೆ, ಫರೋಹ ಆ ತಾಳ್ಮೆಯಿಂದಲೇ ಗಟ್ಟಿಯಾದ. ಲೂಥರ್ ಇದನ್ನು ಒಪ್ಪುವುದಿಲ್ಲ. ಮೇಣವನ್ನು ಮೇಣವಾಗಿ, ಕೆಸರನ್ನು ಕೆಸರಾಗಿ ಮಾಡಿದ್ದು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತಲ್ಲ? ದೇವರು ‘ನಾನು ಮಾಡುತ್ತೇನೆ’ ಅಂದದ್ದನ್ನು ‘ಅವನು ಮಾಡಿಕೊಳ್ಳಲು ಬಿಡುತ್ತೇನೆ’ ಅಂತ ಓದಲು ನೀನ್ಯಾರು ಎಂಬುದು ಅವನ ತಕರಾರು.

ಇಬ್ಬರ ಭಯವೂ ಅರ್ಥವಾಗುವಂಥದ್ದು. ನಿನ್ನ ಕೈಲಿ ಏನೂ ಇಲ್ಲ ಅಂತ ಜನಕ್ಕೆ ಸಾರಿದರೆ ಯಾರು ತಾನೇ ತಮ್ಮ ನಡತೆ ತಿದ್ದಿಕೊಳ್ಳುತ್ತಾರೆ ಎಂಬುದು ಎರಾಸ್ಮಸ್‌ನ ಚಿಂತೆ. ಲೂಥರ್‌ನದು ರಾತ್ರಿ ನಿದ್ದೆಗೆಡಿಸುವ ಚಿಂತೆ. ಸಾಧ್ಯವಿದ್ದರೂ ನನಗೆ ಸ್ವತಂತ್ರ ಇಚ್ಛೆ ಬೇಡ ಎಂದು ಅವನು ಬಿಚ್ಚಿ ಹೇಳುತ್ತಾನೆ. ರಕ್ಷಣೆ ನನ್ನ ಕೈಲಿದ್ದರೆ, ಎಷ್ಟು ಮಾಡಿದರೂ ಇಷ್ಟು ಸಾಕಾ, ದೇವರಿಗೆ ತೃಪ್ತಿಯಾಯಿತಾ ಎಂಬ ಅನುಮಾನ ಸಾಯುವ ತನಕ ಹೋಗುವುದಿಲ್ಲ. ಸನ್ಯಾಸಿಯಾಗಿ ಉಪವಾಸ, ಪಾಪನಿವೇದನೆ ಎಲ್ಲ ಮಾಡಿ ಸುಸ್ತಾದವನ ಮಾತು ಇದು. ಅವನ ಸಿದ್ಧಾಂತ ಒಪ್ಪದವರಿಗೂ ಇದು ನಾಟುತ್ತದೆ.

ಟ್ರೆಂಟ್ ಮಹಾಸಭೆ ಇದಕ್ಕೆ ಕೊಟ್ಟ ಉತ್ತರದಲ್ಲಿ ಎರಡು ವ್ಯತ್ಯಾಸ ಮುಖ್ಯ. ಲೂಥರ್ ಪ್ರಕಾರ ದೇವರು ಪಾಪಿಯನ್ನು ಕ್ರಿಸ್ತನ ಲೆಕ್ಕದಿಂದ ನೀತಿವಂತನೆಂದು ಎಣಿಸುತ್ತಾನೆ, ಅವನು ಒಳಗೆ ಇನ್ನೂ ಪಾಪಿಯೇ. ಟ್ರೆಂಟ್ ಪ್ರಕಾರ ದೇವರು ಅವನನ್ನು ಒಳಗಿನಿಂದಲೇ ನೀತಿವಂತನನ್ನಾಗಿ ಮಾಡುತ್ತಾನೆ, ಆ ನೀತಿ ಒಳ್ಳೆಯ ಕ್ರಿಯೆಗಳಿಂದ ಬೆಳೆಯುತ್ತದೆ, ಘೋರ ಪಾಪದಿಂದ ಕಳೆದೂ ಹೋಗುತ್ತದೆ. ಎರಡನೆಯದು ನಮ್ಮ ‘ಹೂಂ’ ವಿಷಯ: ಕೃಪೆ ಬಂದು ಮುಟ್ಟಿದಾಗ ಮನುಷ್ಯ ನಿರ್ಜೀವ ವಸ್ತುವಿನ ಹಾಗೆ ಬಿದ್ದಿರುವುದಿಲ್ಲ, ಒಪ್ಪಬಲ್ಲ, ತಳ್ಳಿಹಾಕಲೂ ಬಲ್ಲ.

ತಲೆ ಹೋದವರು, ಪೆಟ್ಟಿಗೆಯಲ್ಲಿ ಪಾರಾದವರು

ಜಿನೀವಾದ ಪ್ರೊಟೆಸ್ಟೆಂಟ್ ಮುಖಂಡ ಕಾಲ್ವಿನ್ ಅಗಸ್ಟೀನ್‌ನ ತರ್ಕವನ್ನು ಕೊನೆಯ ಮೆಟ್ಟಿಲವರೆಗೂ ಇಳಿಸಿದ. ದೇವರು ಕೆಲವರನ್ನು ನಿತ್ಯಜೀವಕ್ಕೂ ಕೆಲವರನ್ನು ನಿತ್ಯಶಿಕ್ಷೆಗೂ ಮೊದಲೇ ನೇಮಿಸಿದ್ದಾನೆ. ಈ ತೀರ್ಮಾನ ಭಯಂಕರವೇ, ಒಪ್ಪುತ್ತೇನೆ ಎಂದು ಅವನೇ ಬರೆದ. ಹಾಲೆಂಡಿನಲ್ಲಿ ಅರ್ಮೀನಿಯಸ್ ಎಂಬ ಪ್ರಾಧ್ಯಾಪಕನಿಗೆ ಇದು ನುಂಗಲಾರದ ತುತ್ತಾಯಿತು. ಯಾರು ನಂಬುತ್ತಾರೆ ಎಂದು ದೇವರಿಗೆ ಮುಂಚಿತವಾಗಿ ಗೊತ್ತು, ಆ ಅರಿವಿನ ಮೇಲೆ ಆರಿಸುತ್ತಾನೆ ಎಂದ. ಕಾಲ್ವಿನ್ ಕಡೆಯವರು ಉಲ್ಟಾ ಹೇಳಿದರು: ದೇವರು ತೀರ್ಮಾನಿಸಿದ್ದಕ್ಕೇ ಗೊತ್ತು, ಗೊತ್ತಿದ್ದಕ್ಕೆ ತೀರ್ಮಾನಿಸಿದ್ದಲ್ಲ. ಅರ್ಮೀನಿಯಸ್ 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಅನುಯಾಯಿಗಳು ಐದು ಅಂಶದ ಮನವಿ ಸಲ್ಲಿಸಿದರು.

ಇದಕ್ಕೆ ತೀರ್ಪು ಕೊಡಲು 1618ರ ನವೆಂಬರಿನಿಂದ 1619ರ ಮೇ ತನಕ ಡಾರ್ಟ್ ಎಂಬ ಊರಿನಲ್ಲಿ ಸಭೆ ಕೂತಿತು. ಐದು ಅಂಶಕ್ಕೆ ಐದು ಉತ್ತರ: ಮನುಷ್ಯ ಪೂರ್ತಿ ಕೆಟ್ಟಿದ್ದಾನೆ, ದೇವರ ಆಯ್ಕೆಗೆ ಶರತ್ತಿಲ್ಲ, ಕ್ರಿಸ್ತನ ಮರಣ ನಿಜವಾಗಿ ಬಿಡಿಸುವುದು ಆರಿಸಲ್ಪಟ್ಟವರನ್ನು, ಕೃಪೆಯನ್ನು ಕೊನೆಗೂ ಎದುರಿಸಿ ನಿಲ್ಲಲಾಗದು, ಆರಿಸಲ್ಪಟ್ಟವನು ಕೈತಪ್ಪಿ ಹೋಗುವುದಿಲ್ಲ. ಅರ್ಮೀನಿಯಸ್ ಪಕ್ಷದವರು ಹೊರಬಿದ್ದರು. ಆದರೆ ಇದು ಬರೀ ದೇವರ ವಿಷಯವಾಗಿರಲಿಲ್ಲ. ಸ್ಪೇನ್ ಜೊತೆಗಿನ ಕದನವಿರಾಮ, ಪ್ರಾಂತ್ಯಗಳ ಅಧಿಕಾರ ಎಲ್ಲ ಇದರೊಳಗೆ ಹೆಣೆದುಕೊಂಡಿದ್ದವು. ಅರ್ಮೀನಿಯಸ್ ಕಡೆಯವರ ಬೆನ್ನಿಗೆ ನಿಂತಿದ್ದ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟ್ ಅವರ ತಲೆ ಕಡಿದದ್ದು 1619ರ ಮೇ 13ರಂದು, ಅವರಿ‌ಗೆ ಎಪ್ಪತ್ತು ದಾಟಿತ್ತು. ಅಂತಾರಾಷ್ಟ್ರೀಯ ಕಾನೂನಿನ ಪಿತಾಮಹ ಎನ್ನಿಸಿಕೊಂಡ ಗ್ರೋಷಿಯಸ್‌ಗೆ ಜೀವಾವಧಿ ಸೆರೆ ಆಯಿತು. ಓದಲು ಪುಸ್ತಕ ತರುವ ಪೆಟ್ಟಿಗೆಯಲ್ಲಿ ಅವನ ಹೆಂಡತಿ ಮರಿಯಾ 1621ರಲ್ಲಿ ಗಂಡನನ್ನೇ ತುಂಬಿ ಹೊರಗೆ ಕಳಿಸಿದಳು. ಪಹರೆಯವರೇ ಹೊತ್ತು ಹಾಕಿದರು!

ಇದು ಪ್ರೊಟೆಸ್ಟೆಂಟರ ಮನೆಜಗಳ ಅಂದುಕೊಳ್ಳಬೇಡಿ. ಅದೇ ಸಮಯಕ್ಕೆ ಕ್ಯಾಥೋಲಿಕರೊಳಗೆ ಯೇಸುಸಭೆಯವರೂ ಡೊಮಿನಿಕನ್ನರೂ, ಅಂದರೆ ಎರಡು ಸನ್ಯಾಸಿ ಸಂಘದವರು, ಇದೇ ಪ್ರಶ್ನೆಗೆ ಜುಟ್ಟು ಹಿಡಿದಿದ್ದರು. ಯೇಸುಸಭೆಯ ಮೊಲಿನಾ 1588ರಲ್ಲಿ ಒಂದು ಜಾಣ ಉತ್ತರ ಕೊಟ್ಟ: ಯಾವ ಸನ್ನಿವೇಶದಲ್ಲಿ ಯಾರು ಸ್ವಂತ ಇಚ್ಛೆಯಿಂದ ಏನು ಮಾಡುತ್ತಿದ್ದರು ಎಂಬುದೂ ದೇವರಿಗೆ ಗೊತ್ತು, ಅದನ್ನು ನೋಡಿಕೊಂಡು ಲೋಕವನ್ನು ಜೋಡಿಸಿದ್ದಾನೆ. ತೂರಿನಲ್ಲಿ, ಸೀದೋನಿನಲ್ಲಿ ಈ ಅದ್ಭುತಗಳು ನಡೆದಿದ್ದರೆ ಅಲ್ಲಿಯವರು ಎಂದೋ ಪಶ್ಚಾತ್ತಾಪ ಪಡುತ್ತಿದ್ದರು ಎಂದು ಯೇಸುವೇ ಹೇಳಿದ್ದಾರಲ್ಲ ಎಂಬುದು ಈ ಪಕ್ಷದ ಆಧಾರ. ಡೊಮಿನಿಕನ್ ಬಾನ್ಯೆಸ್‌ಗೆ ಇದು ದೇವರನ್ನು ಮನುಷ್ಯನ ಆಯ್ಕೆಗೆ ಕಾಯುವವನನ್ನಾಗಿ ಮಾಡಿದಂತೆ ಕಂಡಿತು. ರೋಮಿನಲ್ಲಿ ವಿಚಾರಣಾ ಸಮಿತಿ ಸುಮಾರು ಒಂಬತ್ತು ವರ್ಷ ನಡೆಯಿತು. 1607ರಲ್ಲಿ ಪೋಪ್ ಐದನೇ ಪೌಲ್ ಎರಡೂ ಕಡೆಯವರನ್ನು ಮನೆಗೆ ಕಳಿಸಿ, ಒಬ್ಬರನ್ನೊಬ್ಬರು ಪಾಷಂಡಿ ಅನ್ನಬೇಡಿ ಎಂದು ಅಪ್ಪಣೆ ಮಾಡಿದ. ತೀರ್ಪು ಕೊಡಲೇ ಇಲ್ಲ. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಬುದ್ಧಿವಂತಿಕೆಯದು ಅನ್ನಿಸಿದ ಆದೇಶ ಇದು.

ಒಂದೇ ಬೆಂಚಿನ ಮೇಲೆ

1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಯಾರೋ ಲೂಥರ್ ಬರೆದ ಆ ರೋಮಾಪುರದವರ ಪತ್ರಿಕೆಯ ಮುನ್ನುಡಿಯನ್ನು ಓದುತ್ತಿದ್ದರು. ಕೇಳುತ್ತ ಕೂತಿದ್ದ ಆಂಗ್ಲಿಕನ್ ಪಾದ್ರಿ ಜಾನ್ ವೆಸ್ಲಿಯ ಎದೆ ಬೆಚ್ಚಗಾಯಿತು. ಮೆಥಡಿಸ್ಟ್ ಚಳವಳಿಗೆ ಅಲ್ಲಿಂದ ಬಿಸಿ ಬಂತು. ತಮಾಷೆ ನೋಡಿ: ಲೂಥರ್‌ನ ಮಾತಿನಿಂದ ಬದಲಾದ ವೆಸ್ಲಿ, ಇಚ್ಛೆಯ ವಿಷಯದಲ್ಲಿ ಅರ್ಮೀನಿಯಸ್ ಪಕ್ಷ. ಆದರೆ ಪೆಲಾಗಿಯಸ್ ಕಡೆಗೆ ಜಾರಲಿಲ್ಲ. ಮನುಷ್ಯ ತಾನಾಗಿ ‘ಹೂಂ’ ಅನ್ನಲಾರ, ಸರಿ. ಆದರೆ ಹಾಗೆ ಅನ್ನುವಷ್ಟು ಶಕ್ತಿಯನ್ನು ದೇವರು ಮುಂಚಿತವಾಗಿ ಎಲ್ಲರಿಗೂ ಕೊಟ್ಟಿದ್ದಾನೆ ಎಂದ. ಅನ್ನುವುದು ಬಿಡುವುದು ಅವರವರಿಗೆ. ಇದಕ್ಕಾಗಿ ಕಾಲ್ವಿನ್ ಪಕ್ಷದ ಗೆಳೆಯ ವೈಟ್‌ಫೀಲ್ಡ್ ಜೊತೆ ಮುನಿಸೂ ಆಯಿತು.

ಈ ಪರಂಪರೆಗಳೆಲ್ಲ ಹಡಗು ಹತ್ತಿ ಕನ್ನಡನಾಡಿಗೂ ಬಂದವು. ಬಳ್ಳಾರಿಗೆ ಲಂಡನ್ ಮಿಷನ್, 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್, ಮೈಸೂರು ಸೀಮೆಗೆ ವೆಸ್ಲಿಯವರ ಮಿಷನ್. ಕರಾವಳಿಯ ಕ್ಯಾಥೋಲಿಕರು ಅದಕ್ಕೂ ಎಷ್ಟೋ ಮೊದಲಿನಿಂದ ಇದ್ದರು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ, ಆಂಗ್ಲಿಕನ್ನರ ಜೊತೆ ಕಾಲ್ವಿನ್ ಸಾಲಿನ ಪ್ರೆಸ್ಬಿಟೇರಿಯನ್ನರೂ ವೆಸ್ಲಿ ಸಾಲಿನ ಮೆಥಡಿಸ್ಟರೂ ಒಂದಾದರು. ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳೂ ಅದರೊಳಗೆ ಬಂದವು. ಹಳೆಯ ವಿಶ್ವಾಸ ಪ್ರಮಾಣಗಳನ್ನು ಎಲ್ಲರೂ ಒಪ್ಪಿಕೊಂಡರು, ‘ಹೂಂ’ ಯಾರದ್ದು ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಬೇಕೆಂದು ಪಟ್ಟು ಹಿಡಿಯಲಿಲ್ಲ. ಡಾರ್ಟ್‌ನಲ್ಲಿ ಒಟ್ಟಿಗೆ ಕೂರಲಾಗದವರ ವಾರಸುದಾರರು ಇಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ಕೀರ್ತನೆ ಹಾಡುತ್ತಾರೆ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೋಲಿಕ್ ಸಭೆ ಮತ್ತು ಲೂಥರನ್ ಜಾಗತಿಕ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಪವಿತ್ರಾತ್ಮ ನಮ್ಮನ್ನು ಒಳ್ಳೆಯ ಕ್ರಿಯೆಗಳಿಗೆ ಸಜ್ಜು ಮಾಡುತ್ತಾನೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ನಂಬಿಕೆ, ಕ್ರಿಯೆಗಳ ಹಳೇ ವ್ಯಾಜ್ಯ ಬಹುಮಟ್ಟಿಗೆ ಅಲ್ಲಿಗೆ ಇತ್ಯರ್ಥವಾಯಿತು. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ಕಾಲ್ವಿನ್ ಪರಂಪರೆಯ ಸಭೆಗಳ ಒಕ್ಕೂಟವೂ ಸೇರಿಕೊಂಡವು. ಆದರೆ ಘೋಷಣೆಯಲ್ಲಿ ಮನುಷ್ಯನ ಅಸಹಾಯಕತೆಯ ಕುರಿತ ಭಾಗ ಓದಿ ನೋಡಿ. ಮನುಷ್ಯ ಒಪ್ಪಿಗೆ ಕೊಟ್ಟು ಸಹಕರಿಸುತ್ತಾನೆ, ಆ ಒಪ್ಪಿಗೆಯೂ ಕೃಪೆಯ ಫಲವೇ ಅಂತ ಕ್ಯಾಥೋಲಿಕರು ಬರೆದಿದ್ದಾರೆ. ಸಹಕರಿಸುವ ಶಕ್ತಿ ಮನುಷ್ಯನಿಗಿಲ್ಲ, ಆದರೂ ನಂಬಿಕೆಯಲ್ಲಿ ಅವನು ಪೂರ್ತಿಯಾಗಿ ಪಾಲುಗೊಂಡಿರುತ್ತಾನೆ ಅಂತ ಲೂಥರನ್ನರು ಬರೆದಿದ್ದಾರೆ. ಎರಡೂ ಮಾತನ್ನು ಪಕ್ಕಪಕ್ಕದಲ್ಲಿ ಹಾಗೇ ಬಿಟ್ಟಿದ್ದಾರೆ.

ನೀವು ಕೇಳುತ್ತಿರುವ ಪ್ರಸಂಗ ಯಾವ ಸಾಲಿನದು ಅಂತ ಪತ್ತೆ ಹಚ್ಚಲು ಬೋಧಕರನ್ನು ಒಂದೇ ಪ್ರಶ್ನೆ ಕೇಳಿ: ಹತ್ತು ವರ್ಷ ನಂಬಿಕೆಯಲ್ಲಿದ್ದು ಆಮೇಲೆ ಬಿಟ್ಟುಹೋದವನ ಗತಿ ಏನು? ಅವನು ಮೊದಲಿಗೇ ನಿಜವಾಗಿ ನಂಬಿರಲಿಲ್ಲ, ಅಥವಾ ಸಾಯುವುದರೊಳಗೆ ವಾಪಸ್ ಬಂದೇ ಬರುತ್ತಾನೆ ಅಂದರೆ ಅದು ಕಾಲ್ವಿನ್ ಸಾಲು. ನಂಬಿದ್ದು ನಿಜ, ಕಳೆದುಕೊಂಡದ್ದೂ ನಿಜ ಅಂದರೆ ವೆಸ್ಲಿಯ ಸಾಲು. ನಮ್ಮ ಊರುಗಳ ಪೆಂತೆಕೋಸ್ತ್ ಸಭೆಗಳಲ್ಲಿ ಜಾಸ್ತಿ ಕೇಳುವುದು ಇದನ್ನೇ. ಪಾಪನಿವೇದನೆ ಮಾಡಿ ಮತ್ತೆ ಬರಬಹುದು, ಬಾಗಿಲು ತೆರೆದಿದೆ ಅಂದರೆ ನೀವು ಕ್ಯಾಥೋಲಿಕ್ ಪಾದ್ರಿಯ ಮುಂದೆ ಕೂತಿದ್ದೀರಿ. ಈ ಮೂವರಲ್ಲಿ ಯಾರನ್ನೇ ಕೇಳಿ, ಬಿಟ್ಟುಹೋದವನಿಗಾಗಿ ಪ್ರಾರ್ಥಿಸುವಾಗ ‘ಕರ್ತನೇ, ಅವನ ಮನಸ್ಸನ್ನು ತಿರುಗಿಸು’ ಎಂದೇ ಬೇಡುತ್ತಾರೆ. ಎದುರಿಗೆ ಸಿಕ್ಕರೆ ಅವನಿಗೂ ‘ಮನಸ್ಸು ತಿರುಗಿಸಪ್ಪ’ ಎಂದೇ ಹೇಳುತ್ತಾರೆ.